ಮೊದಲು ಮುಟ್ಟುವ ಕೈಗೆ ಎಂಥ ವಿದ್ಯೆ ಬೇಕು?

ಸಿರುಗುಪ್ಪ ತಾಲ್ಲೂಕಿನ ದೇಶನೂರಿನಲ್ಲಿ ಒಂದು ರಾತ್ರಿಯನ್ನು ಕಲ್ಪಿಸಿಕೊಳ್ಳೋಣ. ಭತ್ತದ ಗದ್ದೆಗೆ ನೀರು ತಿರುಗಿಸಲು ಹೋದ ರೈತನೊಬ್ಬನ ಕಾಲಿಗೆ ಬದುವಿನ ಮೇಲೆ ಹಾವು ಕಚ್ಚಿದೆ. ಮನೆಯ ಮುಂದೆ ಜನ ಸೇರಿದ್ದಾರೆ. ತಮ್ಮ ಮೊಣಕಾಲಿನ ಕೆಳಗೆ ಹಗ್ಗವನ್ನು ಬಲವಾಗಿ ಬಿಗಿದಿದ್ದಾನೆ. ಮಾವ ಮಂತ್ರ ಹಾಕುವವರ ಮನೆಗೆ ಒಯ್ಯೋಣ ಎನ್ನುತ್ತಾನೆ. ಹೆಂಡತಿ ಅಳುತ್ತಾ, 'ಬಳ್ಳಾರಿಗೇ ಕರಕೊಂಡು ಹೋಗ್ರೀ' ಎಂದು ಬೇಡಿಕೊಳ್ಳುತ್ತಿದ್ದಾಳೆ. ಅಷ್ಟರಲ್ಲಿ 108 ಆಂಬ್ಯುಲೆನ್ಸ್ ಬಂದು ನಿಲ್ಲುತ್ತದೆ. ಇಳಿಯುವವರು ಇಬ್ಬರೇ: ಒಬ್ಬ ಚಾಲಕ, ಇನ್ನೊಬ್ಬ ಇಪ್ಪತ್ತಾರರ ಹರೆಯದ ತುರ್ತು ಚಿಕಿತ್ಸಾ ತಂತ್ರಜ್ಞ. ವೈದ್ಯರು ಇಲ್ಲ.

ಆ ಯುವಕ ಮುಂದಿನ ಐದು ನಿಮಿಷಗಳಲ್ಲಿ ಏನೇನು ನಿರ್ಧರಿಸಬೇಕು ನೋಡಿ. ಕಟ್ಟಿದ ಹಗ್ಗ ತಪ್ಪೆಂದು ಅವನಿಗೆ ಗೊತ್ತು. ಆದರೆ ಬಿಗಿದ ಹಗ್ಗವನ್ನು ಥಟ್ಟನೆ ಬಿಚ್ಚಿದರೆ ತಡೆದು ನಿಂತ ವಿಷ ಒಮ್ಮೆಲೇ ಮೈಗೆ ಹರಿಯಬಹುದು. ರೋಗಿಯ ಕಣ್ಣಿನ ರೆಪ್ಪೆ ಜೋತುಬೀಳುತ್ತಿದೆಯೇ? ಹಾಗಿದ್ದರೆ ಅದು ನಾಗರಹಾವಿನದೋ ಕಟ್ಟುಹಾವಿನದೋ ವಿಷ, ಸ್ವಲ್ಪ ಹೊತ್ತಿನಲ್ಲಿ ಉಸಿರಾಟವೇ ನಿಲ್ಲಬಹುದು. ವಸಡಿನಿಂದ ರಕ್ತ ಜಿನುಗುತ್ತಿದೆಯೇ? ಹಾಗಿದ್ದರೆ ಮಂಡಲದ ಹಾವಿರಬೇಕು. ಹತ್ತಿರದ ಸಿರುಗುಪ್ಪ ಆಸ್ಪತ್ರೆಯಲ್ಲಿ ವಿಷನಿರೋಧಕ ಔಷಧದ ಮೊದಲ ಡೋಸ್ ಕೊಡಿಸಬೇಕೋ, ಐವತ್ತಕ್ಕೂ ಹೆಚ್ಚು ಕಿಲೋಮೀಟರ್ ದೂರದ ಬಳ್ಳಾರಿಗೆ ನೇರವಾಗಿ ಹೋಗಬೇಕೋ? ಅಳುತ್ತಿರುವ ಹೆಂಡತಿಗೆ ಏನು ಹೇಳಬೇಕು? ಮಂತ್ರದವರ ಕಡೆಗೆ ಎಳೆಯುತ್ತಿರುವ ಹಿರಿಯರನ್ನು ಅವಮಾನಿಸದೆ ಹೇಗೆ ಒಪ್ಪಿಸಬೇಕು?

ಈ ಪ್ರಶ್ನೆಗಳಲ್ಲಿ ಅರ್ಧದಷ್ಟು ವೈದ್ಯಶಾಸ್ತ್ರಕ್ಕೆ ಸೇರಿದವು. ಉಳಿದರ್ಧ ಮನುಷ್ಯ ಸಂಬಂಧಕ್ಕೆ, ನೀತಿಗೆ ಸೇರಿದವು. ಆದರೆ ಎರಡನ್ನೂ ಉತ್ತರಿಸಬೇಕಾದವನು ಅದೇ ಯುವಕ, ಅದೂ ಒಬ್ಬನೇ. ಹಾಗಾದರೆ ಅವನಿಗೆ ನಾವು ಎಂಥ ಶಿಕ್ಷಣ ಕೊಟ್ಟಿದ್ದೇವೆ? ಎಂಥ ಶಿಕ್ಷಣ ಕೊಡಬೇಕಿತ್ತು? ಈ ಲೇಖನದಲ್ಲಿ ನಾವು ಯೋಚಿಸಲು ಹೊರಟಿರುವುದು ಇದನ್ನೇ.

ಹೆಸರು ಒಂದು, ಕೆಲಸ ಹಲವು

ನಮ್ಮಲ್ಲಿ 'ಪ್ಯಾರಾಮೆಡಿಕಲ್' ಎಂದರೆ ಜನರ ಮನಸ್ಸಿಗೆ ಬರುವುದು ಲ್ಯಾಬ್ ಟೆಕ್ನಿಷಿಯನ್, ಎಕ್ಸ್-ರೇ ಟೆಕ್ನಿಷಿಯನ್, ಆಪರೇಷನ್ ಥಿಯೇಟರ್ ಸಹಾಯಕ. ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನಗಳಲ್ಲಿ ತಾಲ್ಲೂಕು ಕೇಂದ್ರಗಳ ಬಸ್ ನಿಲ್ದಾಣದ ಸುತ್ತ ಕಟ್ಟುವ ಬ್ಯಾನರುಗಳೂ ಈ ಕೋರ್ಸ್‌ಗಳನ್ನೇ ಸಾರುತ್ತವೆ. ಆದರೆ ಜಗತ್ತಿನ ಬಹಳಷ್ಟು ಕಡೆ 'ಪ್ಯಾರಾಮೆಡಿಕ್' ಎಂದರೆ ಆಂಬ್ಯುಲೆನ್ಸ್‌ನಲ್ಲಿ ಬಂದು, ವೈದ್ಯರು ಸಿಗುವವರೆಗೆ ಜೀವ ಹಿಡಿದಿಡುವವರು. ನಮ್ಮಲ್ಲಿ ಇವರು ಜನರ ಕಣ್ಣಿಗೆ ಬಿದ್ದದ್ದು ತೀರಾ ಈಚೆಗೆ. 108 ಸೇವೆ 2005ರ ಆಗಸ್ಟ್‌ನಲ್ಲಿ ಅಂದಿನ ಆಂಧ್ರಪ್ರದೇಶದಲ್ಲಿ ಆರಂಭವಾಯಿತು. ಕರ್ನಾಟಕದಲ್ಲಿ 'ಆರೋಗ್ಯ ಕವಚ' ಎಂಬ ಹೆಸರಿನಲ್ಲಿ 2008ರ ನವೆಂಬರ್ 1ರಂದು ಶುರುವಾಯಿತು. ವಾಹನ ಬಂದಿತು, ಸಂಖ್ಯೆ ಜನರ ಬಾಯಲ್ಲಿ ನಿಂತಿತು. ಅದರೊಳಗೆ ಕೂರುವವರ ವಿದ್ಯೆ ಹೇಗಿರಬೇಕೆಂಬ ಚರ್ಚೆ ಮಾತ್ರ ವಾಹನದಷ್ಟು ವೇಗವಾಗಿ ಸಾಗಲಿಲ್ಲ.

2021ರಲ್ಲಿ ಸಂಸತ್ತು ಸಹಾಯಕ ಮತ್ತು ಆರೋಗ್ಯ ವೃತ್ತಿಗಳ ರಾಷ್ಟ್ರೀಯ ಆಯೋಗದ ಕಾಯ್ದೆಯನ್ನು ಅಂಗೀಕರಿಸಿತು. ತುರ್ತು ಚಿಕಿತ್ಸೆಯ ತಂತ್ರಜ್ಞರೂ ಅದರ ಪಟ್ಟಿಯಲ್ಲಿದ್ದಾರೆ. ಡಿಪ್ಲೊಮಾ ಹಂತದ ಸಹಾಯಕ ವೃತ್ತಿಗೆ ಕನಿಷ್ಠ 2000 ಗಂಟೆಗಳ, ಪದವಿ ಹಂತದ ವೃತ್ತಿಗೆ ಕನಿಷ್ಠ 3600 ಗಂಟೆಗಳ ಶಿಕ್ಷಣ ಬೇಕೆಂದು ಕಾಯ್ದೆ ಹೇಳುತ್ತದೆ. ಇದು ಸ್ವಾಗತಾರ್ಹ. ಆದರೆ ಕಾಯ್ದೆ ಗಂಟೆಗಳನ್ನು ಎಣಿಸಬಲ್ಲದು. ಆ ಗಂಟೆಗಳಲ್ಲಿ ಏನನ್ನು ತುಂಬಬೇಕು, ಯಾರನ್ನು ಕೂರಿಸಬೇಕು ಎಂಬುದು ಸಮಾಜ ಯೋಚಿಸಬೇಕಾದ ಸಂಗತಿ.

ಬಡವರಿಗೆ ಅರ್ಧ ವೈದ್ಯರೇ?

ಇಲ್ಲಿ ಒಂದು ಆಕ್ಷೇಪ ಏಳುತ್ತದೆ. ಅದನ್ನು ಬದಿಗೆ ಸರಿಸುವಂತಿಲ್ಲ. ಪಟ್ಟಣದ ಶ್ರೀಮಂತರಿಗೆ ತಜ್ಞ ವೈದ್ಯರು, ದೇಶನೂರಿನ ರೈತನಿಗೆ ಕಡಿಮೆ ಓದಿದ ತಂತ್ರಜ್ಞ, ಇದು ನ್ಯಾಯವೇ? ಬಡವರ ಜೀವಕ್ಕೆ ಅಗ್ಗದ ವ್ಯವಸ್ಥೆಯನ್ನು ಒಪ್ಪಿಕೊಂಡಂತೆ ಆಗಲಿಲ್ಲವೇ?

ಈ ಚರ್ಚೆ ನಮ್ಮ ದೇಶಕ್ಕೆ ಹೊಸದಲ್ಲ. ಸ್ವಾತಂತ್ರ್ಯಕ್ಕೆ ಮೊದಲು ಕಡಿಮೆ ಅವಧಿಯ ಓದು ಮುಗಿಸಿದ ಲೈಸೆನ್ಶಿಯೇಟ್ ವೈದ್ಯರು ಇದ್ದರು. 1946ರಲ್ಲಿ ವರದಿ ನೀಡಿದ ಭೋರ್ ಸಮಿತಿಯ ಬಹುಮತ ಆ ಶಿಕ್ಷಣವನ್ನು ನಿಲ್ಲಿಸಿ, ಒಂದೇ ಮಟ್ಟದ ಪೂರ್ಣ ವೈದ್ಯರನ್ನು ತಯಾರಿಸಬೇಕೆಂದಿತು. ಸಮಿತಿಯ ಕೆಲವು ಸದಸ್ಯರು ಒಪ್ಪಲಿಲ್ಲ. ಆದರೆ ಬಹುಮತದ ಮಾತೇ ನಡೆಯಿತು. ಆಶಯ ಉದಾತ್ತವಾಗಿತ್ತು: ಹಳ್ಳಿಗೂ ಅತ್ಯುತ್ತಮವಾದುದೇ ಸಿಗಬೇಕು. ಪರಿಣಾಮ ಏನಾಯಿತೆಂದು ನಮಗೆಲ್ಲ ಗೊತ್ತು. ಪೂರ್ಣ ವೈದ್ಯರು ಪಟ್ಟಣದಲ್ಲಿ ನಿಂತರು. ಹಳ್ಳಿಯ ಖಾಲಿ ಜಾಗವನ್ನು ಯಾವ ಓದೂ ಇಲ್ಲದೆ ಸೂಜಿ ಚುಚ್ಚುವವರು ತುಂಬಿದರು.

ಇನ್ನೊಂದು ಕಡೆಯ ಅನುಭವವನ್ನೂ ನೋಡೋಣ. ಮಹಾರಾಷ್ಟ್ರದ ಗಡಚಿರೋಲಿಯಲ್ಲಿ ಡಾ. ಅಭಯ್ ಬಂಗ್ ಮತ್ತು ಡಾ. ರಾಣಿ ಬಂಗ್ ದಂಪತಿ ಹಳ್ಳಿಯ ಅಕ್ಷರಸ್ಥ ಮಹಿಳೆಯರಿಗೆ ನವಜಾತ ಶಿಶುಗಳ ಆರೈಕೆಯನ್ನು ಮನೆಯಲ್ಲೇ ಮಾಡಲು ಕಲಿಸಿದರು. 1999ರಲ್ಲಿ ಅವರು ಪ್ರಕಟಿಸಿದ ಅಧ್ಯಯನದ ಪ್ರಕಾರ ನವಜಾತ ಶಿಶುಗಳ ಮರಣ ಶೇ. 62ರಷ್ಟು ಇಳಿಯಿತು. ಉತ್ತರ ಇರಾಕಿನ ಮತ್ತು ಕಾಂಬೋಡಿಯಾದ ನೆಲಬಾಂಬುಗಳ ಪ್ರದೇಶದಲ್ಲಿ ನಾರ್ವೆಯ ಡಾ. ಹನ್ಸ್ ಹೂಸುಮ್ ಮತ್ತು ಸಂಗಡಿಗರು ಸ್ಥಳೀಯರಾದ 135 ಮಂದಿಯನ್ನು ಪ್ಯಾರಾಮೆಡಿಕ್‌ಗಳಾಗಿ ತಯಾರಿಸಿದರು. ಇವರ ಜೊತೆಗೆ ಸುಮಾರು 5200 ಸಾಮಾನ್ಯ ಗ್ರಾಮಸ್ಥರಿಗೆ ಪ್ರಥಮ ಚಿಕಿತ್ಸೆ ಕಲಿಸಲಾಯಿತು. 1997ರಿಂದ 2001ರ ಅವಧಿಯಲ್ಲಿ ಗಾಯಾಳುಗಳ ಸಾವಿನ ಪ್ರಮಾಣ ಶೇ. 40ರಿಂದ ಶೇ. 15ರ ಆಸುಪಾಸಿಗೆ ಬಂದುದನ್ನು ಅವರು ದಾಖಲಿಸಿದರು. ಆಸ್ಪತ್ರೆ ಹತ್ತಿರವಾಗಿರಲಿಲ್ಲ. ಗಾಯಾಳುವಿನ ಬಳಿಗೆ ಮೊದಲು ಬಂದವರಿಗೆ ಏನು ಮಾಡಬೇಕೆಂದು ಗೊತ್ತಿತ್ತು, ಅಷ್ಟೇ.

ಆದ್ದರಿಂದ ನಮ್ಮ ಉತ್ತರ ಇದು: ವೈದ್ಯರ ಬದಲಿಗೆ ಪ್ಯಾರಾಮೆಡಿಕ್ ಕೊಡುವುದು ಅನ್ಯಾಯ. ವೈದ್ಯರು ತಲುಪಲಾಗದ ಆ ಒಂದು ಗಂಟೆಗೆ ಪ್ಯಾರಾಮೆಡಿಕ್ ಕೊಡುವುದು ನ್ಯಾಯ. ಆ ಗಂಟೆಯಲ್ಲಿ ಉಸಿರಿನ ದಾರಿ ತೆರೆಯುವುದು, ರಕ್ತ ನಿಲ್ಲಿಸುವುದು, ಸರಿಯಾದ ಆಸ್ಪತ್ರೆಗೆ ಮುಟ್ಟಿಸುವುದು ಒಂದು ಪೂರ್ಣ ವಿದ್ಯೆ. ಅದನ್ನು ಅರ್ಧ ವಿದ್ಯೆಯಂತೆ ಕಲಿಸಿದಾಗಲೇ ಅದು ಬಡವರಿಗೆ ಮಾಡುವ ಮೋಸವಾಗುತ್ತದೆ.

ಯಾರು ಕಲಿಯಬೇಕು?

ಹಾಗಾದರೆ ಸಿರುಗುಪ್ಪ ತಾಲ್ಲೂಕಿಗಾಗಿ ಒಂದು ಮಾದರಿ ಶಿಕ್ಷಣವನ್ನು ನಾವೇ ರೂಪಿಸುವುದಾದರೆ ಎಲ್ಲಿಂದ ಆರಂಭಿಸಬೇಕು? ಪಠ್ಯಪುಸ್ತಕದಿಂದಲ್ಲ, ವಿದ್ಯಾರ್ಥಿಯ ಆಯ್ಕೆಯಿಂದ ಎಂದು ನಮಗನಿಸುತ್ತದೆ.

ಅಮೆರಿಕದ ಪಿಟ್ಸ್‌ಬರ್ಗ್ ನಗರದ ಕಥೆ ಇಲ್ಲಿ ನೆನಪಾಗುತ್ತದೆ. 1967ರಲ್ಲಿ ಅಲ್ಲಿ ಫ್ರೀಡಂ ಹೌಸ್ ಎಂಬ ಆಂಬ್ಯುಲೆನ್ಸ್ ಸೇವೆ ಹುಟ್ಟಿತು. ಡಾ. ಪೀಟರ್ ಸಫರ್ ಅದಕ್ಕೆ ತರಬೇತಿ ರೂಪಿಸಿದರು. ಅವರು ಆರಿಸಿಕೊಂಡದ್ದು ಹಿಲ್ ಡಿಸ್ಟ್ರಿಕ್ಟ್ ಎಂಬ ಬಡ ಬಡಾವಣೆಯ ಕಪ್ಪು ಜನಾಂಗದ ನಿರುದ್ಯೋಗಿ ಯುವಕರನ್ನು. ಅವರಲ್ಲಿ ಕೆಲವರು ಶಾಲೆಯನ್ನೂ ಮುಗಿಸಿರಲಿಲ್ಲ. ಸುಮಾರು 300 ಗಂಟೆಗಳ ಕಠಿಣ ತರಬೇತಿಯ ನಂತರ ಅವರು ಕೊಟ್ಟ ಸೇವೆ ಇಡೀ ದೇಶಕ್ಕೆ ಮಾದರಿಯಾಯಿತು. ಮುಂದೆ ಅವರ ವೈದ್ಯಕೀಯ ನಿರ್ದೇಶಕಿಯಾದ ಡಾ. ನ್ಯಾನ್ಸಿ ಕ್ಯಾರೊಲಿನ್ ಪ್ಯಾರಾಮೆಡಿಕ್‌ಗಳಿಗಾಗಿ ಪಠ್ಯಪುಸ್ತಕವನ್ನೇ ಬರೆದರು. ಆ ಯುವಕರಿಗೆ ತಮ್ಮ ಓಣಿಗಳು ಗೊತ್ತಿದ್ದವು, ಜನರ ಮಾತು ಗೊತ್ತಿತ್ತು, ಬಾಗಿಲು ತಟ್ಟಿದರೆ ಜನ ನಂಬಿ ತೆರೆಯುತ್ತಿದ್ದರು.

ನಮ್ಮ ಮಾದರಿಯಲ್ಲೂ ಮೊದಲ ಸೀಟುಗಳು ಇದೇ ತಾಲ್ಲೂಕಿನ ಹಳ್ಳಿಗಳ ಮಕ್ಕಳಿಗೆ ಸಿಗಬೇಕು. ಅಂಕಗಳ ಜೊತೆಗೆ ಇನ್ನೊಂದು ಪರೀಕ್ಷೆಯೂ ಇರಲಿ: ಒಂದು ವಾರ ಆಸ್ಪತ್ರೆಯ ತುರ್ತು ವಿಭಾಗದಲ್ಲಿ ನೀರು ಕೊಡುವ, ಸ್ಟ್ರೆಚರ್ ತಳ್ಳುವ ಕೆಲಸ ಮಾಡಿ ಬರಲಿ. ಆ ವಾರದ ಕೊನೆಗೂ ಈ ವೃತ್ತಿಯೇ ಬೇಕೆನ್ನುವವರನ್ನು ಸೇರಿಸಿಕೊಳ್ಳಲಿ.

ಹೆಣ್ಣುಮಕ್ಕಳ ವಿಷಯದಲ್ಲಿ ನಾವು ನಮ್ಮನ್ನೇ ಪ್ರಶ್ನಿಸಿಕೊಳ್ಳಬೇಕಾಗಿದೆ. ನಮ್ಮ ಮನೆಯ ಹೆಣ್ಣುಮಗಳಿಗೆ ರಾತ್ರಿ ಹೆರಿಗೆ ನೋವು ಬಂದರೆ ಆಂಬ್ಯುಲೆನ್ಸ್‌ನಲ್ಲಿ ಮಹಿಳೆಯೇ ಇರಬೇಕೆಂದು ಬಯಸುತ್ತೇವೆ. ಅದು ನ್ಯಾಯವಾದ ಬಯಕೆ. ಆದರೆ ನಮ್ಮ ಮಗಳು ರಾತ್ರಿ ಪಾಳಿಯ ಆಂಬ್ಯುಲೆನ್ಸ್ ಕೆಲಸಕ್ಕೆ ಹೋಗುತ್ತೇನೆಂದರೆ ಬೇಡವೆನ್ನುತ್ತೇವೆ. ಲ್ಯಾಬ್ ಕೆಲಸವಾದರೆ ಸರಿ, ಹಗಲು ಹೋಗಿ ಸಂಜೆ ಬರಬಹುದು. ಹಾಗಾದರೆ ಆ ಮಹಿಳೆ ಯಾರ ಮನೆಯಿಂದ ಬರಬೇಕು? ಮದೀನಾದಲ್ಲಿ ಗಾಯಾಳುಗಳ ಆರೈಕೆಗೆ ಡೇರೆ ಹಾಕಿದ ರುಫೈದಾ ಅವರ ಹೆಸರನ್ನು ನಾವು ಹೆಮ್ಮೆಯಿಂದ ಹೇಳುತ್ತೇವೆ. ಪಾವಗಡದ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಬಂದಾಗ ನಾಡೇ ಸಂಭ್ರಮಿಸಿತು. ಇಂಥವರು ಹೊತ್ತು ಗೊತ್ತು ನೋಡಿ ಹೊರಟವರಲ್ಲ. ಹೆಮ್ಮೆಪಡುವುದು ಒಂದು, ದಾರಿ ಮಾಡಿಕೊಡುವುದು ಇನ್ನೊಂದು. ಸುರಕ್ಷಿತ ವಸತಿ, ಪಾಳಿಗೆ ಒಯ್ದು ತರುವ ವಾಹನ, ಜೊತೆಗೆ ಮತ್ತೊಬ್ಬ ಮಹಿಳೆ. ಇಷ್ಟನ್ನು ವ್ಯವಸ್ಥೆ ಒದಗಿಸಬೇಕು. ಉಳಿದದ್ದನ್ನು ಮನೆಯವರು ಒದಗಿಸಬೇಕು.

ಏನನ್ನು ಕಲಿಸಬೇಕು?

ಪಠ್ಯವು ಊರಿನ ನೆಲದಿಂದ ಹುಟ್ಟಬೇಕು. ತುಂಗಭದ್ರೆಯ ಕಾಲುವೆ ಬಂದ ಮೇಲೆ ಸಿರುಗುಪ್ಪ ಭತ್ತದ ಸೀಮೆಯಾಯಿತು. ಭತ್ತದ ಜೊತೆ ಇಲಿ, ಇಲಿಯ ಹಿಂದೆ ಹಾವು. ಬೆಳೆಯ ಜೊತೆ ಕ್ರಿಮಿನಾಶಕ, ಸಾಲದ ಜೊತೆ ಅದನ್ನು ಕುಡಿಯುವವರು. ಕಬ್ಬಿನ ಕಾಲದಲ್ಲಿ ಹಿಂದೆ ದೀಪವಿಲ್ಲದ ಟ್ರೇಲರುಗಳು, ರಾಷ್ಟ್ರೀಯ ಹೆದ್ದಾರಿ 150ಎ ಮೇಲೆ ಲಾರಿಗಳು. ಬೇಸಿಗೆಯಲ್ಲಿ ಬಳ್ಳಾರಿಯ ಬಿಸಿಲು. ಇವುಗಳ ನಡುವೆ ಎದೆನೋವು, ಲಕ್ವ, ಹೆರಿಗೆಯ ರಕ್ತಸ್ರಾವ. ಇವೇ ನಮ್ಮ ಪಠ್ಯದ ಅಧ್ಯಾಯಗಳು. ಕರ್ನಾಟಕ ಸರ್ಕಾರ 2024ರಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆ ಎಂದು ಘೋಷಿಸಿತು. ನಮ್ಮ ತರಗತಿಯಲ್ಲಿ ಅದು ಮೊದಲ ತಿಂಗಳ ಪಾಠವಾಗಬೇಕು.

ಎರಡನೆಯದು ಭಾಷೆ. ಈ ಭಾಗದಲ್ಲಿ ಕನ್ನಡ, ತೆಲುಗು, ಉರ್ದು ಮೂರೂ ಒಂದೇ ಓಣಿಯಲ್ಲಿವೆ. ಕನ್ನಡದಲ್ಲಿ 'ಆಯಾಸ' ಎಂದರೆ ದಣಿವು. ತೆಲುಗು ಮಾತಿನ ಅಜ್ಜಿ 'ಆಯಾಸಂ' ಎಂದರೆ ಆಕೆಗೆ ಉಸಿರು ಕಟ್ಟುತ್ತಿದೆ ಎಂದರ್ಥ. ಕನ್ನಡ ಮಾತ್ರ ಬಲ್ಲ ತಂತ್ರಜ್ಞ ಆಕೆಯನ್ನು ಮಲಗಿ ವಿಶ್ರಾಂತಿ ಪಡೆಯಿರಿ ಎಂದರೆ ಏನಾಗಬಹುದು? ಇಂಗ್ಲಿಷ್ ಪಾರಿಭಾಷಿಕ ಪದಗಳು ಬೇಕು, ವೈದ್ಯರೊಂದಿಗೆ ಮಾತನಾಡಲು ಅವು ಅಗತ್ಯ. ಆದರೆ ರೋಗಿಯ ಮಾತನ್ನು ಕೇಳಿಸಿಕೊಳ್ಳುವ ಪಾಠವಿಲ್ಲದ ಪಠ್ಯ ಅಪೂರ್ಣ. ಎದೆನೋವನ್ನು, ಸಂಕಟವನ್ನು, ತಲೆ ತಿರುಗುವುದನ್ನು ಜನ ಯಾವ ಯಾವ ಮಾತಿನಲ್ಲಿ ಹೇಳುತ್ತಾರೆಂದು ವಿದ್ಯಾರ್ಥಿಗಳೇ ಹಳ್ಳಿಗಳಲ್ಲಿ ಸಂಗ್ರಹಿಸಲಿ.

ಮೂರನೆಯದು ತಪ್ಪಿನಿಂದ ಕಲಿಯುವ ಅವಕಾಶ. ತಂತ್ರಜ್ಞ ರೋಗಿಯನ್ನು ಆಸ್ಪತ್ರೆಯ ಬಾಗಿಲಲ್ಲಿ ಒಪ್ಪಿಸಿ ಮುಂದಿನ ಕರೆಗೆ ಓಡುತ್ತಾನೆ. ಆ ರೋಗಿ ಬದುಕಿದನೇ? ತಾನು ಊಹಿಸಿದ್ದು ಸರಿಯಿತ್ತೇ? ಇದು ತಿಳಿಯದಿದ್ದರೆ ಹತ್ತು ವರ್ಷದ ಅನುಭವವೂ ಒಂದೇ ವರ್ಷವನ್ನು ಹತ್ತು ಸಲ ಬದುಕಿದಂತೆ. ಮಹಾರಾಷ್ಟ್ರದ ಮಹಾಡ್‌ನಂಥ ಸಣ್ಣ ಊರಿನಲ್ಲಿ ಡಾ. ಹಿಮ್ಮತ್‌ರಾವ್ ಬಾವಸ್ಕರ್ ಕೆಂಪು ಚೇಳು ಕುಟುಕಿದ ರೋಗಿಗಳ ಹಾಸಿಗೆಯ ಪಕ್ಕದಲ್ಲಿ ಕುಳಿತು ಗಮನಿಸಿ, ರಕ್ತದೊತ್ತಡದ ಪ್ರಜೋಸಿನ್ ಮಾತ್ರೆಯಿಂದ ಅವರನ್ನು ಉಳಿಸಬಹುದೆಂದು ತೋರಿಸಿದರು. ಅವರ ಪ್ರಯೋಗಾಲಯ ಆ ಹಾಸಿಗೆಗಳೇ ಆಗಿದ್ದವು. ನಮ್ಮ ಮಾದರಿಯಲ್ಲಿ ವಾರಕ್ಕೊಮ್ಮೆ ತಾಲ್ಲೂಕು ಆಸ್ಪತ್ರೆಯ ವೈದ್ಯರು ಮತ್ತು ಆಂಬ್ಯುಲೆನ್ಸ್ ಸಿಬ್ಬಂದಿ ಒಟ್ಟಿಗೆ ಕುಳಿತು, ಕರೆತಂದ ಪ್ರತಿಯೊಬ್ಬರ ಕಥೆ ಏನಾಯಿತೆಂದು ಮಾತನಾಡಬೇಕು. ತಪ್ಪನ್ನು ಹೇಳಿಕೊಂಡವನಿಗೆ ಶಿಕ್ಷೆಯ ಭಯ ಇರಬಾರದು. ಮುಚ್ಚಿಟ್ಟವನಿಗೆ ಇರಲಿ.

ಅಂತಃಕರಣದ ಪಾಠ

ನಾಲ್ಕನೆಯದು ನೀತಿ. ಇದನ್ನು ಕೊನೆಯ ವಾರದ ಒಂದು ಉಪನ್ಯಾಸದಲ್ಲಿ ಮುಗಿಸುವಂತಿಲ್ಲ. 2020ರ ಜೂನ್ ಕೊನೆಯಲ್ಲಿ ಬಳ್ಳಾರಿಯ ಒಂದು ವೀಡಿಯೊ ನಾಡನ್ನೇ ತಲೆತಗ್ಗಿಸುವಂತೆ ಮಾಡಿತು. ಕೋವಿಡ್‌ನಿಂದ ಮೃತರಾದವರ ದೇಹಗಳನ್ನು ರಕ್ಷಾ ಕವಚ ಧರಿಸಿದ ಸಿಬ್ಬಂದಿ ಒಂದೇ ಗುಂಡಿಗೆ ಎಸೆಯುತ್ತಿದ್ದರು. ಜಿಲ್ಲಾಡಳಿತ ಕ್ಷಮೆ ಕೇಳಿತು, ಆ ತಂಡವನ್ನು ಬದಲಿಸಿ ಹೊಸ ತಂಡಕ್ಕೆ ತರಬೇತಿ ಕೊಡಿಸುವುದಾಗಿ ಹೇಳಿತು. ಆ ಸಿಬ್ಬಂದಿಯ ಮೇಲೆ ಸಿಟ್ಟಾಗುವುದು ಸುಲಭ. ಆದರೆ ಯೋಚಿಸಿ: ಕವಚ ತೊಡುವುದನ್ನು, ಕಳಚುವುದನ್ನು ಅವರಿಗೆ ಯಾರೋ ಕಲಿಸಿದ್ದರು. ಭಯದ ನಡುವೆಯೂ ಒಂದು ದೇಹವನ್ನು ಮಣ್ಣಿಗೆ ಹೇಗೆ ಇಳಿಸಬೇಕೆಂದು ಕಲಿಸಿದವರು ಯಾರು? ಅದೇ ದಿನಗಳಲ್ಲಿ ನಾಡಿನ ಹಲವು ಕಡೆ ಸ್ವಯಂಸೇವಕ ಯುವಕರು ಜಾತಿ ಮತ ನೋಡದೆ, ಅವರವರ ವಿಧಿಯಂತೆ ಶವಸಂಸ್ಕಾರ ಮಾಡಿದರು. ಇಬ್ಬರಿಗೂ ಭಯ ಒಂದೇ ಆಗಿತ್ತು. ಒಬ್ಬರಿಗೆ ಆ ದೇಹ ಒಂದು ಕೆಲಸವಾಗಿ ಕಂಡಿತು, ಇನ್ನೊಬ್ಬರಿಗೆ ಯಾರದೋ ತಾಯಿಯಾಗಿ ಕಂಡಿತು.

ಈ ನೋಟವನ್ನು ಕಲಿಸಲು ಸಾಧ್ಯವೇ? ಸಾಧ್ಯ, ಆದರೆ ಉಪದೇಶದಿಂದ ಅಲ್ಲ, ಸಂದರ್ಭಗಳಿಂದ. ಕ್ರಿಮಿನಾಶಕ ಕುಡಿದ ಹುಡುಗಿಯನ್ನು ಕರೆತರುವಾಗ ಆಕೆಯನ್ನು ಬೈಯುವ ಹಕ್ಕು ತಂತ್ರಜ್ಞನಿಗೆ ಇದೆಯೇ? 2017ರ ಮಾನಸಿಕ ಆರೋಗ್ಯ ಕಾಯ್ದೆ ಅಂಥವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಬೇಕೆಂದು ಹೇಳಿತು. 2024ರ ಜುಲೈಯಲ್ಲಿ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಹಳೆಯ 309ನೇ ಸೆಕ್ಷನ್ ಉಳಿಯಲಿಲ್ಲ. ಕಾನೂನೇ ಕರುಣೆಯ ಕಡೆ ಹೆಜ್ಜೆ ಇಟ್ಟಿರುವಾಗ ಸ್ಟ್ರೆಚರ್ ಪಕ್ಕದ ನಾಲಿಗೆ ಹಿಂದೆ ಉಳಿಯಬಾರದು. ಇನ್ನೊಂದು ಸಂದರ್ಭ: ಅಪಘಾತದಲ್ಲಿ ಇಬ್ಬರು ಬಿದ್ದಿದ್ದಾರೆ. ತಪ್ಪು ಮಾಡಿದ ಲಾರಿ ಚಾಲಕನಿಗೆ ಹೆಚ್ಚು ಗಾಯ, ಬೈಕಿನ ಹುಡುಗನಿಗೆ ಕಡಿಮೆ. ಜನ ಹುಡುಗನನ್ನೇ ಮೊದಲು ಒಯ್ಯಿರಿ ಎಂದು ಕೂಗುತ್ತಾರೆ. ಗಾಯವನ್ನು ಮಾತ್ರ ನೋಡಬೇಕೆಂಬ ನ್ಯಾಯವನ್ನು ಆ ಗುಂಪಿನ ನಡುವೆ ಪಾಲಿಸುವ ಧೈರ್ಯವೂ ಅಭ್ಯಾಸದಿಂದಲೇ ಬರಬೇಕು. ಮತ್ತೊಂದು: ಖಾಸಗಿ ಆಸ್ಪತ್ರೆಯಿಂದ ಕಮಿಷನ್ ಕೊಡುತ್ತೇವೆಂದು ಕರೆ ಬರುತ್ತದೆ. ಸಂಬಳ ಬಂದು ಎರಡು ತಿಂಗಳಾಗಿದೆ. ಆಗ ಏನು ಮಾಡಬೇಕು?

ನಾವು ಕೊಡಬೇಕಾದದ್ದು

ಈ ಕೊನೆಯ ಪ್ರಶ್ನೆ ಹೊರಳಿ ನಮ್ಮ ಕಡೆಗೇ ಬರುತ್ತದೆ. ಬಾಕಿ ವೇತನಕ್ಕಾಗಿ 108 ಸಿಬ್ಬಂದಿ ಮುಷ್ಕರದ ಎಚ್ಚರಿಕೆ ನೀಡಿದ ಸುದ್ದಿಯನ್ನು ನಾವು ಹಲವು ಬಾರಿ ಓದಿದ್ದೇವೆ. ಹಸಿದವನಿಂದ ನೀತಿಯನ್ನು ನಿರೀಕ್ಷಿಸುವ ಸಮಾಜ ತಾನೂ ನೀತಿಯ ಪರೀಕ್ಷೆಗೆ ಕೂರಬೇಕಾಗುತ್ತದೆ. ಫ್ರೀಡಂ ಹೌಸ್‌ನ ಕಥೆಯ ಕೊನೆ ಸುಖಕರವಾಗಿಲ್ಲ. 1975ರಲ್ಲಿ ನಗರಾಡಳಿತ ತನ್ನದೇ ಸೇವೆಯನ್ನು ಆರಂಭಿಸಿ ಅದನ್ನು ಮುಚ್ಚಿತು. ಅತ್ಯುತ್ತಮ ತರಬೇತಿ ಪಡೆದಿದ್ದ ಆ ಕಪ್ಪು ಯುವಕರು ಹೊಸ ವ್ಯವಸ್ಥೆಯಲ್ಲಿ ಮೂಲೆಗೆ ಸರಿಸಲ್ಪಟ್ಟರು, ಹಲವರು ಬಿಟ್ಟು ಹೋದರು. ಕಲಿಸಿ, ದುಡಿಸಿ, ಮೇಲೇರಲು ಬಿಡದಿರುವುದು ಕೂಡ ಒಂದು ಅನ್ಯಾಯ.

ಅದಕ್ಕೇ ನಮ್ಮ ಮಾದರಿಯಲ್ಲಿ ಏಣಿ ಇರಬೇಕು. ಸರ್ಟಿಫಿಕೇಟ್ ಪಡೆದವನು ದುಡಿಯುತ್ತಲೇ ಡಿಪ್ಲೊಮಾ ಮಾಡಲಿ, ಡಿಪ್ಲೊಮಾದವಳು ಪದವಿ ಪಡೆಯಲಿ, ಪದವಿ ಪಡೆದವರು ಶಿಕ್ಷಕರಾಗಲಿ. ನಲವತ್ತೈದು ದಾಟಿ ಬೆನ್ನು ಸೋತವರಿಗೆ ಕರೆ ಕೇಂದ್ರದಲ್ಲೋ ತರಬೇತಿಯಲ್ಲೋ ಸ್ಥಾನವಿರಲಿ. ಮಗುವಿನ ಶವ ಹೊತ್ತು ಬಂದ ರಾತ್ರಿಯ ನಂತರ ಮಾತನಾಡಲು ಒಬ್ಬ ಆಪ್ತ ಸಮಾಲೋಚಕರಿರಲಿ. 1961ರಿಂದ ಬಳ್ಳಾರಿಯಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ಇದೆ. ತಾಲ್ಲೂಕು ಆಸ್ಪತ್ರೆ, ಕಾಲೇಜು ಮತ್ತು ಆಂಬ್ಯುಲೆನ್ಸ್ ಮೂರೂ ಸೇರಿ ಒಂದು ಶಾಲೆಯಾಗುವುದು ಅಸಾಧ್ಯವೇನಲ್ಲ.

ಊರಿಗೂ ಒಂದು ಪಾಲು ಇದೆ. ರಸ್ತೆಯಲ್ಲಿ ಬಿದ್ದವರನ್ನು ಮುಟ್ಟಿದರೆ ಪೊಲೀಸ್ ಕೇಸು ಎಂಬ ಭಯಕ್ಕೆ ಈಗ ಆಧಾರವಿಲ್ಲ. 2016ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ನೆರವಾದವರ ರಕ್ಷಣೆಗೆ ಮುದ್ರೆ ಒತ್ತಿತು, ಕರ್ನಾಟಕ ತನ್ನದೇ ಕಾಯ್ದೆ ಮಾಡಿತು, 2019ರ ಮೋಟಾರು ವಾಹನ ತಿದ್ದುಪಡಿ ಇದನ್ನು ದೇಶಕ್ಕೆಲ್ಲ ವಿಸ್ತರಿಸಿತು. ಪ್ರತಿ ವಿದ್ಯಾರ್ಥಿಯೂ ಓದು ಮುಗಿಸುವ ಮೊದಲು ಒಂದು ಹಳ್ಳಿಯಲ್ಲಿ ಐವತ್ತು ಜನರಿಗೆ ರಕ್ತ ನಿಲ್ಲಿಸುವುದನ್ನು, ಹಾವು ಕಚ್ಚಿದ ಕಾಲನ್ನು ಅಲ್ಲಾಡದಂತೆ ಇಡುವುದನ್ನು ಕಲಿಸಬೇಕೆಂಬ ನಿಯಮವಿರಲಿ. ಮಸೀದಿಯ ಅಂಗಳ, ದೇವಸ್ಥಾನದ ಕಟ್ಟೆ, ಶಾಲೆಯ ಮೈದಾನ ಎಲ್ಲವೂ ತರಗತಿಗಳಾಗಲಿ.

ನಮ್ಮ ಸಂಘ ಸಂಸ್ಥೆಗಳು ಪ್ರತಿ ವರ್ಷ ಎಂಬಿಬಿಎಸ್ ಸೀಟು ಪಡೆದವರಿಗೆ ಶಾಲು ಹೊದಿಸಿ ಸನ್ಮಾನಿಸುತ್ತವೆ. ಅದು ತಪ್ಪಲ್ಲ. ಆದರೆ ಅದೇ ವೇದಿಕೆಯಲ್ಲಿ ಆಂಬ್ಯುಲೆನ್ಸ್ ತಂತ್ರಜ್ಞೆಯಾಗಲು ಹೊರಟ ಒಬ್ಬ ಹುಡುಗಿಗೆ ಒಂದು ಕುರ್ಚಿ, ಆಕೆಯ ಓದಿಗೆ ಒಂದು ವಿದ್ಯಾರ್ಥಿವೇತನ ಇಡಲು ನಮಗೇನು ಅಡ್ಡಿ?

ಮತ್ತೆ ದೇಶನೂರಿನ ಆ ರಾತ್ರಿಗೆ ಬರೋಣ. ಹೀಗೆ ಕಲಿತವರೊಬ್ಬರು ಆಂಬ್ಯುಲೆನ್ಸ್‌ನಿಂದ ಇಳಿದಿದ್ದಾರೆ ಎಂದುಕೊಳ್ಳಿ. ಅವರು ಹಗ್ಗವನ್ನು ಹಾಗೆಯೇ ಬಿಟ್ಟು, ಕಾಲಿಗೆ ಪಟ್ಟಿ ಕಟ್ಟಿ, ರೆಪ್ಪೆ ನೋಡಿ, ಗಡಿಯಾರ ನೋಡುತ್ತಾರೆ. 'ಮಾವಾರ, ನಿಮ್ಮ ಮಾತಿಗೆ ಇಲ್ಲ ಅನ್ನೂದಿಲ್ರೀ. ಮೊದಲ ಸಿರುಗುಪ್ಪದಾಗ ಇಂಜಕ್ಷನ್ ಆಗಲಿ. ನೀವೂ ಗಾಡ್ಯಾಗ ಬರ್ರಿ' ಎನ್ನುತ್ತಾರೆ. ಮಾವ ಹತ್ತಿ ಕೂರುತ್ತಾನೆ. ದಾರಿಯುದ್ದಕ್ಕೂ ಅವರ ಕೈ ರೋಗಿಯ ನಾಡಿಯ ಮೇಲಿರುತ್ತದೆ.